ಹಳೆಯ ಗಾಳಿಪಿಸ್ತೂಲುಗಳನ್ನು ಅರಸುತ್ತ: ಭಟ್ಕಳದಿಂದ ಕುಮಟೆಯವರೆಗೆ

ಉತ್ತರಕನ್ನಡದ ಕಡಲಂಚಿನ ದಾರಿಯಲ್ಲಿ ಸಂಚರಿಸುವವರು ಪ್ರಾಯಶಃ ಎರಡು ಬಗೆಯವರು. ಮೊದಲನೆಯವರು ಯಾತ್ರಾರ್ಥಿಗಳು, ಮುರ್ಡೇಶ್ವರ, ಇಡಗುಂಜಿ, ಧಾರೇಶ್ವರ, ಗೋಕರ್ಣಗಳಲ್ಲಿ ದೇವದರ್ಶನ ಮಾಡಿಕೊಂಡು ಕೃತಾರ್ಥರಾಗಿ ಮರಳುವವರು. ಎರಡನೆಯವರು ವಿಹಾರಾರ್ಥಿಗಳು, ಮರಳಿನ ಮೇಲೆ ಅಡ್ಡಾಡಿ, ಸೂರ್ಯಾಸ್ತವನ್ನು ಕಂಡು ಸಂತೋಷಪಡುವವರು. ಕಳೆದ ಮಾಘಮಾಸದಲ್ಲಿ ನಾವು ಕೈಕೊಂಡ ಪ್ರವಾಸವಾದರೋ ಈ ಎರಡರಲ್ಲಿ ಯಾವುದಕ್ಕೂ ಸೇರತಕ್ಕುದಲ್ಲ. ನಾವು ಹೊರಟದ್ದು ಹಳೆಯ ಗಾಳಿಪಿಸ್ತೂಲುಗಳನ್ನು ಹುಡುಕುವುದಕ್ಕಾಗಿ. ಮೂವತ್ತು ವರ್ಷಗಳ ಕಾಲ ಮಕ್ಕಳಿಗೆ ಶಬ್ದಮಂಜರಿಯನ್ನೂ ಸಂಧಿನಿಯಮಗಳನ್ನೂ ಬೋಧಿಸಿದ ಮಾಸ್ತರರಿಗೆ ಪಿಸ್ತೂಲಿನ ಗೊಡವೆ ಏತಕ್ಕೆಂದು ವಾಚಕರು ನಗಬಹುದು. ಅದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ನಮ್ಮದು ನಾಲ್ವರ ಕೂಟ. ಅದಕ್ಕೆ ಹೆಸರಿಲ್ಲ, ಫಲಕವಿಲ್ಲ, ವರ್ಗಣಿಯಿಲ್ಲ. ಹೊನ್ನಾವರದ ಅಕ್ಕಸಾಲಿ ಮಿತ್ರರೊಬ್ಬರು ದುರಸ್ತಿಯಲ್ಲಿ ನಿಪುಣರು. ಅಂಚೆಕಚೇರಿಯಿಂದ ನಿವೃತ್ತರಾದ ಇನ್ನೊಬ್ಬರಿಗೆ ಎಲ್ಲಿ ಯಾವ ಮನೆಯ ಅಟ್ಟದಲ್ಲಿ ಏನು ಬಿದ್ದಿದೆಯೆಂಬುದು ಬಾಯಿಪಾಠ. ಕುಮಟೆಯ ಮೂರನೆಯವರು ಮರದ ಕೆತ್ತನೆಯ ವೃತ್ತಿಯವರು. ನಮ್ಮ ಪಾಲಿಗೆ ಬಂದುದು ದಫ್ತರದ ಕೆಲಸ: ಪ್ರತಿಯೊಂದು ಪಿಸ್ತೂಲಿನ ಮೇಲಿನ ಅಕ್ಷರ, ಅಂಕೆ, ಒಡೆತನದ ಕಥೆ, ಮಾಡಿದ ದುರಸ್ತಿ, ಇವೆಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡುವುದು. ತಿಂಗಳಿಗೊಂದು ಭಾನುವಾರ ಕೂಡುತ್ತೇವೆ. ಬಿಚ್ಚುತ್ತೇವೆ, ಜೋಡಿಸುತ್ತೇವೆ, ಗುರಿಯಿಟ್ಟು ಹೊಡೆಯುತ್ತೇವೆ.

ಗಾಳಿಪಿಸ್ತೂಲೆಂದರೇನೆಂಬುದನ್ನು ಮನೆಯ ಮಕ್ಕಳಿಗೂ ತಿಳಿಯುವಂತೆ ಹೇಳಬೇಕಾದರೆ ಪೆಟ್ಲನ್ನು ನೆನೆಯಬೇಕು. ಬಿದಿರಿನ ಸಣ್ಣ ಕೊಳವೆಯಲ್ಲಿ ಹಸಿಯ ಕಾಯೊಂದನ್ನು ತುರುಕಿ ಕೋಲಿನಿಂದ ಮುಂದಿನ ತುದಿಗೆ ನೂಕುವುದು; ಹಿಂದಿನಿಂದ ಮತ್ತೊಂದನ್ನು ತುರುಕಿ ಬಲವಾಗಿ ಒತ್ತುವುದು. ಎರಡು ಕಾಯಿಗಳ ನಡುವೆ ಸಿಕ್ಕಿಕೊಂಡ ಗಾಳಿಯು ಸಂಕುಚಿತವಾಗಿ, ತಾಳಲಾರದೆ, ಮುಂದಿನ ಕಾಯನ್ನು ಟಪ್ಪೆಂದು ಹಾರಿಸುತ್ತದೆ. ಗಾಳಿಪಿಸ್ತೂಲಿನ ತತ್ತ್ವವೂ ಇಷ್ಟೇ. ಕೋಲಿನ ಸ್ಥಾನದಲ್ಲಿ ಉಕ್ಕಿನ ಸುರುಳಿ, ಹಿಂದಿನ ಕಾಯಿಯ ಸ್ಥಾನದಲ್ಲಿ ಪಿಸ್ಟನ್ನು, ಮುಂದಿನ ಕಾಯಿಯ ಸ್ಥಾನದಲ್ಲಿ ಡಮರುಗದಂತೆ ನಡು ಸಣ್ಣಗಾದ ಸೀಸದ ಗುಂಡು. ಮದ್ದಿಲ್ಲ, ಹೊಗೆಯಿಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಆಸ್ಟ್ರಿಯಾ ದೇಶದ ಸೈನ್ಯವು ಜಿರಾಂಡೋನಿ ಎಂಬಾತನು ರಚಿಸಿದ ಗಾಳಿಕೋವಿಯನ್ನು ಯುದ್ಧಕ್ಕೇ ಒಯ್ದಿತ್ತು. ಕಾಲಕ್ರಮದಲ್ಲಿ ಇದೇ ವಸ್ತುವು ಮನೆಯಂಗಳದ ಆಟವಾಯಿತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ವೆಬ್ಲಿ ಮತ್ತು ಸ್ಕಾಟ್ ಕಂಪನಿಯವರು 1924ರಲ್ಲಿ ತಮ್ಮ ಮೊದಲನೆಯ ಗಾಳಿಪಿಸ್ತೂಲನ್ನು ಮಾರಾಟಕ್ಕೆ ತಂದರು. 1929ರಲ್ಲಿ ‘ಜೂನಿಯರ್’, 1930ರಲ್ಲಿ ‘ಸೀನಿಯರ್’ ಎಂಬ ಮಾದರಿಗಳು ಬಂದವು. 1862ರಿಂದ 1956ರವರೆಗೆ ನಮ್ಮ ಜಿಲ್ಲೆಯು ಮುಂಬಯಿ ಆಡಳಿತಕ್ಕೆ ಸೇರಿತ್ತು. ಉದ್ಯೋಗಕ್ಕೂ ವ್ಯಾಪಾರಕ್ಕೂ ಜನರು ಮುಂಬಯಿಗೆ ಹೋಗಿಬರುತ್ತಿದ್ದರು. ಅಲ್ಲಿಂದ ಗಡಿಯಾರ, ಗ್ರಾಮೊಫೋನುಗಳೊಡನೆ ಇಂಥ ಪಿಸ್ತೂಲೊಂದು ಪೆಟ್ಟಿಗೆಯಲ್ಲಿ ಬಂದುದುಂಟು.

ಕಾಯಿದೆಯ ಮಾತನ್ನೂ ಇಲ್ಲಿಯೇ ಹೇಳುವುದು ಲೇಸು. 2016ರ ಆಯುಧ ನಿಯಮಗಳಂತೆ, ನಳಿಗೆಯ ಒಳವ್ಯಾಸವು 0.177 ಇಂಚು, ಎಂದರೆ 4.5 ಮಿಲಿಮೀಟರನ್ನು ಮೀರದೆ, ಗುಂಡಿನ ಶಕ್ತಿಯು 20 ಜೂಲ್‌ಗಳನ್ನು ಮೀರದೆ ಇದ್ದರೆ ಆ ಗಾಳಿಯಾಯುಧಕ್ಕೆ ಪರವಾನಗಿ ಬೇಕಿಲ್ಲ. ವೆಬ್ಲಿಯವರು 0.22 ಇಂಚಿನವುಗಳನ್ನೂ ಮಾಡುತ್ತಿದ್ದರು. ಅಂಥದು ಕೈಗೆ ಬಂದರೆ ನಾವು ಬಿಚ್ಚುವುದಿಲ್ಲ. ಒಡೆಯರನ್ನು ಕರೆದುಕೊಂಡು ಮೊದಲು ಪೋಲೀಸು ಠಾಣೆಯ ಮೆಟ್ಟಲು ಹತ್ತುತ್ತೇವೆ.

ನಮ್ಮ ಪ್ರಯಾಣವು ಭಟ್ಕಳದಿಂದ ಆರಂಭವಾಯಿತು. ಒಂದು ಕಾಲಕ್ಕೆ ವಿಜಯನಗರದ ಸೈನ್ಯಕ್ಕೆ ಅರಬೀ ಕುದುರೆಗಳು ಬಂದಿಳಿಯುತ್ತಿದ್ದ ಬಂದರು ಇದು. ಊರಿನ ಕೇತಪೈ ನಾರಾಯಣ ದೇವಾಲಯವು ಹದಿನಾರನೆಯ ಶತಮಾನದ್ದು. ಅದರ ಹೊರಗೋಡೆಯ ಮೇಲೆ ರಾಮಾಯಣದ ಪ್ರಸಂಗಗಳನ್ನು ಸಾಲಾಗಿ ಕೆತ್ತಿದ್ದಾರೆ. ಕೆತ್ತನೆಯ ಮಿತ್ರರು ಆ ಕಲ್ಲಿನ ಬಿಲ್ಲುಗಾರರ ಮುಂದೆ ಬಹಳ ಹೊತ್ತು ನಿಂತರು. “ಮಾಸ್ತರೇ, ಬಿಲ್ಲು ಹಿಡಿದವನ ಮುಖ ನೋಡಿ, ಸಿಟ್ಟಿಲ್ಲ” ಎಂದರು. ನಾವೂ ನೋಡಿದೆವು, ನಿಜವಾಗಿತ್ತು.

ಅಲ್ಲಿಂದ ನಾವು ಹೋದುದು ನವಾಯತ ಸಮಾಜದ ವೃದ್ಧ ವ್ಯಾಪಾರಿಯೊಬ್ಬರ ಮನೆಗೆ. ಸಾಹೇಬರು ಚಹಾ ಕೊಡದೆ ಪೆಟ್ಟಿಗೆ ತೆರೆಯಲಿಲ್ಲ. ತೆರೆದಾಗ ಕಂಡುದು 0.177 ಇಂಚಿನ ವೆಬ್ಲಿ ಸೀನಿಯರ್. ಅವರ ತಂದೆಯವರು ಮುಂಬಯಿಯಲ್ಲಿ ಕೊಂಡದ್ದು. ಬಟ್ಟೆಯಂಗಡಿಯ ಹಿಂದಿನ ಅಂಗಳದಲ್ಲಿ ಶುಕ್ರವಾರದ ಸಂಜೆ ಮಕ್ಕಳಿಗೆಲ್ಲ ಒಂದೊಂದು ಗುಂಡು ಹೊಡೆಯಲು ಕೊಡುತ್ತಿದ್ದರಂತೆ. ಹಿಡಿಯ ಒಂದು ಪಟ್ಟಿ ಒಡೆದುಹೋಗಿತ್ತು, ನಳಿಗೆ ಏಳುತ್ತಿರಲಿಲ್ಲ. ಚರ್ಮದ ಚೀಲದಲ್ಲಿ ಜೋಪಾನವಾಗಿ ಇಟ್ಟಿದ್ದರು. ಹಾಳಾದುದು ಆ ಜೋಪಾನದಿಂದಲೇ. ಚರ್ಮವು ಕಡಲ ಹವೆಯ ತೇವವನ್ನು ಹೀರಿ ಹಿಡಿದಿಟ್ಟು ಉಕ್ಕಿಗೆ ಉಣಿಸುತ್ತದೆ. ಎಣ್ಣೆಯೊರಸಿದ ಹತ್ತಿಯ ಬಟ್ಟೆಯಲ್ಲಿ ಸುತ್ತಿ, ಗಾಳಿಯಾಡುವ ಒಣಜಾಗದಲ್ಲಿ ಇಡುವುದೇ ಉಚಿತ. ಮಾರಿರೆಂದು ನಾವು ಕೇಳಲಿಲ್ಲ. ನಮ್ಮ ಕೂಟದ ಸಂಗ್ರಹವೆಂದರೆ ಬಹುಮಟ್ಟಿಗೆ ದಫ್ತರದ ಸಂಗ್ರಹ. “ಸರಿಮಾಡಿ ತಂದುಕೊಡಿ, ಮೊಮ್ಮಗಳಿಗೆ ಒಮ್ಮೆ ತೋರಿಸಬೇಕು” ಎಂದು ಸಾಹೇಬರೇ ಅದನ್ನು ನಮ್ಮ ಕೈಗಿತ್ತರು.

ಉತ್ತರಕ್ಕೆ ಸಾಗಿ ಮುರ್ಡೇಶ್ವರದಲ್ಲಿ ಇಳಿದೆವು. ದಡದಿಂದ ಸುಮಾರು 19 ಕಿಲೋಮೀಟರು ಒಳಗೆ, ತಿಳಿಯಾದ ದಿನ ಕಡಲಿನಲ್ಲಿ ಗುಡ್ಡದಂತೆ ತೋರುವುದು ನೇತ್ರಾಣಿ ದ್ವೀಪ. ಇಂಗ್ಲಿಷರು ಇದನ್ನು ಪಾರಿವಾಳದ ದ್ವೀಪವೆಂದು ಕರೆದರು. ಗುರಿಕಾರರಾದ ನಮಗೆ ಈ ದ್ವೀಪದ ಕಥೆಯು ವಿಚಾರಾರ್ಹವಾದುದು. ನಮ್ಮ ನೌಕಾದಳದವರು ಫಿರಂಗಿಗಳ ಗುರಿಯಭ್ಯಾಸಕ್ಕೆ ಈ ದ್ವೀಪವನ್ನು ಬಳಸಿದ್ದುಂಟು. ಅದೇ ದ್ವೀಪದಲ್ಲಿ ಬಿಳಿಯೆದೆಯ ಕಡಲಹದ್ದುಗಳು ಗೂಡು ಕಟ್ಟುತ್ತವೆ. ಸುತ್ತಣ ನೀರಿನಲ್ಲಿ ಹವಳದ ಜೀವಿಗಳೂ ಬಣ್ಣದ ಮೀನುಗಳೂ ಇವೆ. ಆದಕಾರಣ ಪ್ರಕೃತಿಪ್ರಿಯರು ಆ ಅಭ್ಯಾಸಕ್ಕೆ ಆಕ್ಷೇಪವೆತ್ತಿದರು. ದೇಶರಕ್ಷಣೆಗೆ ಗುರಿಯ ಅಭ್ಯಾಸ ಬೇಕು. ಆದರೆ ಗುರಿಯೆಂದು ನಾವು ಆರಿಸಿದ ಸ್ಥಳವು ಮತ್ತಾರಿಗೋ ಮನೆಯಾಗಿರಬಹುದು. ಈ ಮಾತು ಮರುದಿನವೇ ನಮ್ಮ ಕೂಟದ ನಡುವೆ ಬಂದು ನಿಲ್ಲುವುದೆಂದು ಆಗ ತಿಳಿದಿರಲಿಲ್ಲ.

ಮುರ್ಡೇಶ್ವರದಿಂದ ಹೊನ್ನಾವರಕ್ಕೆ ರೈಲಿನಲ್ಲಿ ಹೋದೆವು. ಶರಾವತಿಯ ಮೇಲಣ ಸೇತುವೆಯು ಎರಡು ಕಿಲೋಮೀಟರಿಗಿಂತಲೂ ಉದ್ದವಾದುದು. ಕೊಂಕಣ ರೈಲುಮಾರ್ಗದ ಸೇತುವೆಗಳಲ್ಲೆಲ್ಲ ಇದೇ ಹಿರಿದು. ಕೆಳಗೆ ಜೋಗದಲ್ಲಿ ಧುಮುಕಿ ಬಂದ ನದಿಯು ಅಗಲವಾಗಿ, ಶಾಂತವಾಗಿ, ಕಡಲನ್ನು ಸೇರುತ್ತದೆ. ಇದೇ ಊರಿನ ಕೋಟೆಯನ್ನು 1783ರಿಂದ 1784ರವರೆಗೆ ಟಿಪ್ಪುವಿನ ಸೈನ್ಯವು ಮುತ್ತಿದಾಗ, ಟೋರಿಯಾನೋ ಎಂಬ ಇಂಗ್ಲಿಷ್ ಕ್ಯಾಪ್ಟನನು ಒಳಗೆ ಸಿಕ್ಕಿಕೊಂಡು ತಿಂಗಳುಗಟ್ಟಲೆ ಹೋರಾಡಿದನು. ಆ ದಿನಗಳ ಫಿರಂಗಿಯ ಸದ್ದು ಹೋಗಿ, ಈಗ ಮೀನುದೋಣಿಗಳ ಯಂತ್ರದ ಸದ್ದು ಮಾತ್ರ ಕೇಳುತ್ತದೆ.

ಅಕ್ಕಸಾಲಿ ಮಿತ್ರರ ಅಂಗಡಿಯು ಪೇಟೆಯ ಓಣಿಯಲ್ಲಿದೆ. ಮುಂದುಗಡೆ ಚಿನ್ನದ ಕೆಲಸ, ಹಿಂದುಗಡೆಯ ಕೋಣೆಯಲ್ಲಿ ನಮ್ಮ ಕೆಲಸ. ಅವರ ದುರಸ್ತಿಯ ಮೊದಲ ಸೂತ್ರ ತಾಳ್ಮೆ. ತುಕ್ಕು ಹಿಡಿದ ತಿರುಪುಮೊಳೆಯನ್ನು ಒಮ್ಮೆಲೇ ತಿರುಗಿಸಹೋದರೆ ಅದರ ತಲೆ ಕಿತ್ತುಬರುತ್ತದೆ; ತೆಳುವಾದ ಎಣ್ಣೆಯ ಹನಿಯಿಟ್ಟು ಎರಡು ಮೂರು ದಿನ ಕಾಯಬೇಕು. ಮೊಳೆಯ ಗೀರಿಗೆ ಸರಿಯಾಗಿ ಕೂರುವಂತೆ ತಿರುಪುಳಿಯ ಮೊನೆಯನ್ನು ಅರದಿಂದ ಉಜ್ಜಿಕೊಳ್ಳಬೇಕು. ಎರಡನೆಯ ಸೂತ್ರ, ಹೊಳಪಿನ ಆಸೆಯನ್ನು ಬಿಡುವುದು. ಮರಳುಕಾಗದದಿಂದ ತಿಕ್ಕಿದರೆ ತುಕ್ಕಿನೊಡನೆ ಕಾರ್ಖಾನೆಯ ನೀಲಿ ಲೇಪವೂ ಕೆತ್ತಿದ ಅಕ್ಷರಗಳೂ ಹೋಗುತ್ತವೆ. ಪಿಸ್ತೂಲಿನ ಜಾತಕವೇ ಅಳಿಸಿಹೋದಂತೆ. ಮೂರನೆಯದು, ಅಡಿಗೆಮನೆಯ ಎಣ್ಣೆಯನ್ನು ಹತ್ತಿರ ತರಕೂಡದು. ಕೊಬ್ಬರಿಯೆಣ್ಣೆಯು ಕ್ರಮೇಣ ಅಂಟಾಗಿ ಪಿಸ್ಟನ್ನನ್ನು ಹಿಡಿದುಬಿಡುತ್ತದೆ. ಯಾವ ಎಣ್ಣೆಯಾದರೂ ಕೊಳವೆಯೊಳಗೆ ಹೆಚ್ಚಾದರೆ ಇನ್ನೊಂದು ಅಪಾಯವುಂಟು: ಥಟ್ಟನೆ ಒತ್ತಿದ ಗಾಳಿಯು ಬಿಸಿಯೇರಿ ಆ ಎಣ್ಣೆಗೆ ಕಿಡಿ ಹಿಡಿಸುತ್ತದೆ. ಡೀಸೆಲ್ ಯಂತ್ರದಲ್ಲಿ ಇಂಧನ ಹೊತ್ತುವುದೂ ಇದೇ ರೀತಿಯಿಂದ.

ಸಾಹೇಬರ ವೆಬ್ಲಿಯು ಮೂರನೆಯ ದಿನ ಬಾಯಿಬಿಟ್ಟಿತು. ಅದರ ರಚನೆಯು ಚಮತ್ಕಾರವಾದುದು. ನಳಿಗೆಯು ಗಾಳಿಕೊಳವೆಯ ಬೆನ್ನ ಮೇಲೆಯೇ ಮಲಗಿರುತ್ತದೆ. ಹಿಂದಿನ ತುದಿಯನ್ನು ಮೇಲಕ್ಕೆತ್ತಿ ಮುಂದಕ್ಕೆ ಮಗುಚಿದರೆ ಪಿಸ್ಟನ್ನು ಮುಂದಕ್ಕೆ ಸರಿದು ಸುರುಳಿ ಬಿಗಿಯಾಗುತ್ತದೆ. ಕೀಲನ್ನೊತ್ತಿದಾಗ ಪಿಸ್ಟನ್ನು ಹಿಂದಕ್ಕೆ ನುಗ್ಗುವುದು. ಒತ್ತಿದ ಗಾಳಿಯು ಮೇಲಕ್ಕೆ ತಿರುಗಿ ಗುಂಡನ್ನು ಮುಂದಕ್ಕೆ ಕಳುಹುವುದು. ಗುಂಡಿಲ್ಲದೆ ಕೀಲೊತ್ತಬಾರದೆಂಬ ನಿಯಮದ ಕಾರಣವೂ ಇಲ್ಲಿದೆ: ತಡೆಯುವ ಗಾಳಿಯ ಮೆತ್ತೆಯಿಲ್ಲದೆ ಪಿಸ್ಟನ್ನು ಕೊಳವೆಯ ತುದಿಗೆ ಹೋಗಿ ಬಡಿಯುತ್ತದೆ. ಸುರುಳಿಯ ಒಂದು ಸುತ್ತು ಮುರಿದಿತ್ತು. ನಳಿಗೆಯು ಕೊಳವೆಗೆ ಕೂಡುವಲ್ಲಿಯ ಬಿಲ್ಲೆ ಒಣಗಿ ಪುಡಿಯಾಗಿತ್ತು. ಮಿತ್ರರು ಹಳೆಯ ಬಿಲ್ಲೆಯ ಅಳತೆಯನ್ನು ಚಿನ್ನ ಅಳೆಯುವ ಕೈಯಿಂದಲೇ ಅಳೆದು, ಗಟ್ಟಿಚರ್ಮದಲ್ಲಿ ಹೊಸದನ್ನು ಕತ್ತರಿಸಿ, ಎಣ್ಣೆಯಲ್ಲಿ ಒಂದು ರಾತ್ರಿ ನೆನೆಯಿಟ್ಟರು. ಸುರುಳಿಯನ್ನು ಅದೇ ದಪ್ಪದ ಉಕ್ಕಿನ ತಂತಿಯಲ್ಲಿ ಸುತ್ತಿ ಹದಗೊಳಿಸಿದರು.

ಈ ಕೆಲಸದ ನಡುವೆ ಗೇರುಸೊಪ್ಪೆಯ ಕಡೆಯ ತೋಟಿಗರೊಬ್ಬರು, ಅಂಚೆಯ ಮಿತ್ರರ ಬಂಧುಗಳು, ತಂದೆಯವರ ಕಾಲದ ಉದ್ದನೆಯ ಗಾಳಿಕೋವಿಯನ್ನು ಗೋಣಿಯಲ್ಲಿ ಸುತ್ತಿಕೊಂಡು ಬಂದರು. “ಶೇಟ್ರೇ, ಇದನ್ನು ಎಷ್ಟು ಜೋರು ಮಾಡಲಿಕ್ಕಾಗುತ್ತದೋ ಅಷ್ಟು ಜೋರು ಮಾಡಿಕೊಡಿ. ಮಂಗನ ಕಾಟ ತಡೆಯಲಾಗುವುದಿಲ್ಲ” ಎಂದರು. ಅವರ ಮಾತಿನಲ್ಲಿ ಉತ್ಪ್ರೇಕ್ಷೆಯಿರಲಿಲ್ಲ. ಕಳೆದ ವರ್ಷ ಬಾಳೆಗೊನೆಯೊಂದೂ ಮನೆಗೆ ಬಂದಿಲ್ಲ. ಎಳನೀರು ನೆಲಕ್ಕೆ, ಎಳೆಯ ಅಡಿಕೆ ಮಂಗನ ಬಾಯಿಗೆ. ಬೆಳೆರಕ್ಷಣೆಯ ಪರವಾನಗಿ ಕೋವಿಯೊಂದು ಮನೆಯಲ್ಲಿದೆ. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಯಲ್ಲಿ ಇಟ್ಟುಬರಬೇಕು. ಮಗನು ಬೆಂಗಳೂರಿನಲ್ಲಿ, ತೋಟ ಕಾಯುವವರು ಗಂಡಹೆಂಡಿರಿಬ್ಬರೇ.

ಅಕ್ಕಸಾಲಿ ಮಿತ್ರರು ಕೈಯೊರಸಿಕೊಂಡು ಸಾವಕಾಶವಾಗಿ ಹೇಳಿದರು: “ಜೋರು ಮಾಡಿದರೆ ಕಾಯಿದೆ ಮೀರುತ್ತದೆ. ಮಾಡದಿದ್ದರೆ ಈ ಗುಂಡು ಮಂಗನನ್ನು ಕೊಲ್ಲುವುದಿಲ್ಲ; ಚರ್ಮದೊಳಗೆ ಕೂತು ಕೀವು ಕಟ್ಟಿ, ಎಂಟು ದಿನ ನರಳಿಸುತ್ತದೆ. ಹಿಂಡು ನಾಳೆ ಮತ್ತೆ ಬರುತ್ತದೆ.” ಕಾಡುಪ್ರಾಣಿಗಳ ಬೇಟೆಯನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ನಿಷೇಧಿಸಿರುವುದನ್ನು ಅಂಚೆಯವರು ನೆನಪಿಸಿದರು. ಸತ್ತ ಮಂಗನ ವಿಚಾರದಲ್ಲಿ ಇನ್ನೊಂದು ಭಯವೂ ಇದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಉಣುಗುಗಳಿಂದ ಹರಡುವಂಥದು; ಘಟ್ಟದ ಸೆರಗಿನ ಊರುಗಳಿಗೆ ಅದರ ಪರಿಚಯವುಂಟು. ಆ ರೋಗದಿಂದ ಮಂಗವು ಸತ್ತು ಬಿದ್ದ ಜಾಗದಲ್ಲಿ ಅದರ ಮೈಮೇಲಿನ ಉಣುಗುಗಳು ನೆಲಕ್ಕಿಳಿಯುತ್ತವೆ.

ತೋಟಿಗರು ನಮ್ಮ ಕಡೆ ತಿರುಗಿ, “ಮಾಸ್ತರೇ, ನಿಮ್ಮ ಶಾಸ್ತ್ರ ಏನು ಹೇಳುತ್ತದೆ? ಅರ್ಜುನ ಹಕ್ಕಿಯ ತಲೆಗೇ ಗುರಿಯಿಟ್ಟನಲ್ಲ?” ಎಂದರು. ಈ ಪ್ರಶ್ನೆಗೆ ಉತ್ತರವು ಮಹಾಭಾರತದ ಆದಿಪರ್ವದಲ್ಲಿಯೇ ಇದೆ. ಕಥೆಯನ್ನು ಬಲ್ಲವರು ಕೂಡ ಅದನ್ನು ಗಮನಿಸುವುದು ಅಪರೂಪ. ದ್ರೋಣಾಚಾರ್ಯರು ಮರದ ತುದಿಯಲ್ಲಿ ಇರಿಸಿದುದು ಜೀವವಿದ್ದ ಹಕ್ಕಿಯನ್ನಲ್ಲ. ಶಿಲ್ಪಿಗಳಿಂದ ಮಾಡಿಸಿದ ಕೃತ್ರಿಮ ಪಕ್ಷಿಯನ್ನು. ಕಾಡು ತುಂಬ ಹಕ್ಕಿಗಳಿದ್ದರೂ ಆಚಾರ್ಯರು ಕುಶಲಕರ್ಮಿಗಳಿಗೆ ಹೇಳಿ ಒಂದನ್ನು ಮಾಡಿಸಿದರು. ಪರೀಕ್ಷೆಗೆ ಬೇಕಾದುದು ಶಿಷ್ಯನ ಏಕಾಗ್ರತೆ; ಅದಕ್ಕೆ ಪ್ರಾಣಿಯ ಪ್ರಾಣವು ಶುಲ್ಕವಾಗಬೇಕಿಲ್ಲ. ನಾವು ಇಷ್ಟನ್ನು ಹೇಳಿದೆವು. ತೋಟಿಗರು ಕೇಳಿದರು, “ಆಚಾರ್ಯರಿಗೆ ಬಾಳೆತೋಟ ಇರಲಿಲ್ಲ” ಎಂದರು. ಎಲ್ಲರೂ ನಕ್ಕೆವು, ಆದರೆ ಆ ಮಾತಿನ ಭಾರವು ನಗೆಯಿಂದ ಕಡಿಮೆಯಾಗಲಿಲ್ಲ. ಬೆಳೆ ಕಳೆದುಕೊಂಡವನಿಗೆ ಅಹಿಂಸೆಯನ್ನು ಉಪದೇಶಿಸುವವನು ಅವನ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕೊನೆಗೆ, ಕೋವಿಯನ್ನು ಮೊದಲಿದ್ದ ಬಲಕ್ಕೆ ಮಾತ್ರ ಸರಿಪಡಿಸುವುದೆಂದೂ, ಅವರು ನಮ್ಮೊಡನೆ ಕುಮಟೆಗೆ ಬಂದು ಒಂದು ದಿನ ನೋಡುವುದೆಂದೂ ಒಪ್ಪಂದವಾಯಿತು.

ಹೊನ್ನಾವರದಿಂದ ಕುಮಟೆಗೆ ಸುಮಾರು 20 ಕಿಲೋಮೀಟರು. ಒಂದು ಕಾಲಕ್ಕೆ ಘಟ್ಟದ ಮೇಲಣ ಹತ್ತಿಯು ಈ ಬಂದರಿನಿಂದ ಹಡಗೇರುತ್ತಿತ್ತು. ಮುಂಬಯಿಯ ಪೇಟೆಯಲ್ಲಿ ಕುಮಟೆಯ ಹೆಸರಿನ ಹತ್ತಿಯೆಂದೇ ಅದು ಪ್ರಸಿದ್ಧವಾಗಿತ್ತು. ಗಂಧದ ಕೆತ್ತನೆಯ ಗುಡಿಗಾರರಿಗೂ ಈ ಊರು ತೌರು. ನಮ್ಮ ಕೆತ್ತನೆಯ ಮಿತ್ರರು ಸಾಹೇಬರ ಪಿಸ್ತೂಲಿನ ಒಡೆದ ಹಿಡಿಪಟ್ಟಿಗೆ ಬದಲಾಗಿ ಬೀಟೆಯ ಮರದಲ್ಲಿ ಒಂದನ್ನು ಮಾಡಿದ್ದರು. ಉಳಿದಿದ್ದ ಹಳೆಯ ಪಟ್ಟಿಯ ಚೌಕುಳಿ ಗೀರುಗಳನ್ನು ಎಣಿಸಿ, ಅಷ್ಟೇ ಗೀರುಗಳನ್ನು ಕೊರೆದಿದ್ದರು. ಒಳಮೈಯಲ್ಲಿ ಮಾತ್ರ ದುರಸ್ತಿಯ ವರ್ಷವನ್ನು ಸಣ್ಣದಾಗಿ ಕೆತ್ತಿದ್ದರು. ಮುಂದೆ ಯಾರೂ ಇದನ್ನು ಮೂಲದ್ದೆಂದು ಹೇಳಿ ಮಾರಬಾರದೆಂಬುದು ಅವರ ಉದ್ದೇಶ.

ಅವರ ಮನೆಯ ಹಿತ್ತಿಲೇ ನಮ್ಮ ಗುರಿಯಂಗಳ. ಹಿಂಬದಿಯಲ್ಲಿ ಎತ್ತರವಾದ ಚಿರೇಕಲ್ಲಿನ ಗೋಡೆ. ಅದರ ಮುಂದೆ ತೆಂಗಿನ ಸಿಪ್ಪೆ, ಹಳೆಯ ಬಟ್ಟೆ, ಮರದ ಹೊಟ್ಟುಗಳನ್ನು ತುಂಬಿದ ದೊಡ್ಡ ಪೆಟ್ಟಿಗೆ. ಗೋಡೆಗೆ ತಗುಲಿದ ಗುಂಡು ಸಿಡಿದು ಹಿಂದಿರುಗೀತೆಂಬ ಕಾರಣದಿಂದ ಈ ಏರ್ಪಾಡು. ಗುರಿಗಳನ್ನು ಅಡಿಕೆಯ ಹಾಳೆಯಲ್ಲಿ ಕತ್ತರಿಸಿ ಮಸಿಯಿಂದ ಉಂಗುರಗಳನ್ನು ಬರೆಯುತ್ತೇವೆ. ದೂರವು 10 ಮೀಟರು, ಸರಿಸುಮಾರು 33 ಅಡಿ. 1988ರ ಸಿಯೋಲ್ ಒಲಿಂಪಿಕ್ಸಿನಿಂದ ಗಾಳಿಪಿಸ್ತೂಲಿನ ಪಂದ್ಯಕ್ಕೂ ಇದೇ ದೂರ. ಅಲ್ಲಿ ಒಂದೇ ಕೈಯಲ್ಲಿ ಹಿಡಿದು, ಹತ್ತಂಕದ 11.5 ಮಿಲಿಮೀಟರಿನ ವರ್ತುಲಕ್ಕೆ ಹೊಡೆಯಬೇಕು. ಬೆಂಗಳೂರಿನ ಪ್ರಕಾಶ ನಂಜಪ್ಪನವರು 2013ರಲ್ಲಿ ಕೊರಿಯಾದ ಚಾಂಗ್ವನ್ ವಿಶ್ವಕಪ್ಪಿನಲ್ಲಿ ಈ ಪಂದ್ಯದ ಕಂಚನ್ನು ಗೆದ್ದರು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಹರಿಯಾಣದ ಮನು ಭಾಕರ್ ಎಂಬ ತರುಣಿಯು ಕಂಚಿನ ಪದಕವನ್ನು ಗಳಿಸಿ, ಗುರಿಯ ಆಟದಲ್ಲಿ ಒಲಿಂಪಿಕ್ ಪದಕ ಪಡೆದ ಮೊದಲನೆಯ ಭಾರತೀಯ ಮಹಿಳೆಯಾದಳು. ನಮ್ಮ ಪಿಸ್ತೂಲುಗಳಿಂದ ಅಂಥ ಸಾಧನೆಯಾಗದು. ಹೊಡೆದಾಗ ಇವು ಕೈಯಲ್ಲಿ ಕುಣಿಯುತ್ತವೆ. ಆದರೆ ಉಸಿರನ್ನು ಹಿಡಿಯುವುದನ್ನೂ, ಬೆರಳನ್ನು ಮೆಲ್ಲನೆ ಒತ್ತುವುದನ್ನೂ, ತಪ್ಪಿದ ಗುಂಡನ್ನು ಕುರಿತು ಚಡಪಡಿಸದಿರುವುದನ್ನೂ ಇವು ಚೆನ್ನಾಗಿಯೇ ಕಲಿಸುತ್ತವೆ.

ಹೊಡೆಯುವವರ ಗೆರೆಯನ್ನು ಯಾರೂ ದಾಟಕೂಡದು. ಹೊಡೆದಾಗುವವರೆಗೆ ಮಕ್ಕಳು ಜಗಲಿಯಿಂದ ಇಳಿಯಕೂಡದು. ಸೀಸವನ್ನು ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯದೆ ಫಲಾಹಾರಕ್ಕೆ ಕೂರಕೂಡದು. ಈ ಕೊನೆಯ ನಿಯಮವನ್ನು ವಿಧಿಸಿದವರು ಆ ಮನೆಯೊಡತಿ. ಅಂದು ಸಾಹೇಬರ ವೆಬ್ಲಿಯಿಂದ ಮೊದಲ ಗುಂಡನ್ನು ಅವರಿಂದಲೇ ಹೊಡೆಯಿಸಿದೆವು. ಐದರಲ್ಲಿ ನಾಲ್ಕು ಗುಂಡುಗಳು ಮಸಿಯ ನಡುವೆಯೇ ಬಿದ್ದವು. ನಾವು ಬೆರಗಾದುದನ್ನು ಕಂಡು, “ರಂಗೋಲಿಯ ಚುಕ್ಕಿ ಇಡುವಾಗ ಕೈ ನಡುಗಿದರೆ ನಡೆಯುತ್ತದೆಯೇ?” ಎಂದಷ್ಟೇ ನುಡಿದು ಒಳಗೆ ಹೋದರು. ಅವರ ಮಗಳು ದ್ರೋಣರ ಕಥೆಯನ್ನು ಕೇಳಿದ್ದವಳು, ರಟ್ಟಿನಲ್ಲಿ ಒಂದು ಹಕ್ಕಿಯನ್ನು ಕತ್ತರಿಸಿ ದಾರದಿಂದ ಪೆಟ್ಟಿಗೆಯ ಮುಂದೆ ತೂಗಬಿಟ್ಟಳು. ಗೇರುಸೊಪ್ಪೆಯ ತೋಟಿಗರು ತಮ್ಮ ಕೋವಿಯಿಂದ ಹನ್ನೊಂದು ಗುಂಡು ಹೊಡೆದರು. ಹಕ್ಕಿ ತೂಗಾಡುತ್ತಲೇ ಇತ್ತು. ಹನ್ನೆರಡನೆಯದಕ್ಕೆ ಅದರ ಕೊರಳು ಹರಿಯಿತು. ಅವರ ಮುಖದಲ್ಲಿ ಮೂಡಿದ ಹರ್ಷವು ಹತ್ತು ವರ್ಷದ ಬಾಲಕನದಾಗಿತ್ತು.

ಮನೆಗಳಲ್ಲಿ ಇಂಥ ವಸ್ತುವಿರುವ ವಾಚಕರಿಗೆ ಎರಡು ಮಾತು. ಗುಜರಿಗೆ ಹಾಕಬೇಡಿರಿ, ಕೀಲನ್ನೊತ್ತಿ ಪರೀಕ್ಷಿಸಲೂ ಬೇಡಿರಿ. ನಳಿಗೆಯ ಅಳತೆಯನ್ನು ಬಲ್ಲವರಿಂದ ತಿಳಿಯಿರಿ. ಅದರ ಮೇಲಿನ ಅಕ್ಷರಗಳನ್ನೂ ತಂದವರ ಹೆಸರನ್ನೂ ಒಂದು ಕಾಗದದಲ್ಲಿ ಬರೆದಿಡಿರಿ. ಮಕ್ಕಳ ಕೈಗೆ ಎಟುಕದಂತೆ ಬೀಗದೊಳಗಿಡಿರಿ. ಸುರುಳಿಯನ್ನು ಹೊಸದಾಗಿ ಸುತ್ತಬಹುದು, ಚರ್ಮವನ್ನು ಹೊಸದಾಗಿ ಕತ್ತರಿಸಬಹುದು. ಆದರೆ ಅವುಗಳನ್ನು ಮಾಡಬಲ್ಲ ಕೈಗಳು ನಮ್ಮ ಊರುಗಳಲ್ಲಿ ವರ್ಷವರ್ಷಕ್ಕೂ ವಿರಳವಾಗುತ್ತಿವೆ. ಅಕ್ಕಸಾಲಿ ಮಿತ್ರರ ಬಳಿ ಈ ಕೆಲಸವನ್ನು ಕಲಿಯುತ್ತಿರುವವನು ಈಗ ಒಬ್ಬನೇ ಹುಡುಗ. ಅವನೂ ಕೈಪೆಟ್ಟಿಗೆಯ ಯಂತ್ರಗಳ ದುರಸ್ತಿಗೆಂದು ಬಂದವನು, ಸುರುಳಿಯ ಮೋಹಕ್ಕೆ ಸಿಕ್ಕಿ ನಿಂತವನು.

ಸಾಹೇಬರ ಪಿಸ್ತೂಲು ಭಟ್ಕಳಕ್ಕೆ ಮರಳಿದೆ. ಮೊಮ್ಮಗಳು ಅದರಿಂದ ಹೊಡೆದ ಹಾಳೆಯನ್ನು ಅವರು ನಮಗೆ ಅಂಚೆಯಲ್ಲಿ ಕಳುಹಿಸಿದ್ದಾರೆ. ತೋಟಿಗರು ಕುಮಟೆಯಿಂದ ಹೊರಡುವಾಗ ಕೋವಿಯನ್ನು ಒಯ್ಯಲಿಲ್ಲ. “ಮನೆಯಲ್ಲಿದ್ದರೆ ಸಿಟ್ಟು ಬಂದಾಗ ಕೈ ಅದರ ಕಡೆ ಹೋಗುತ್ತದೆ. ಈ ಮಳೆಗಾಲ ಕಳೆಯುವವರೆಗೆ ಇಲ್ಲಿಯೇ ಇರಲಿ” ಎಂದರು. ನೆರೆಯ ನಾಲ್ಕು ತೋಟಗಳವರು ಕೂಡಿ ಸರದಿಯ ಮೇಲೆ ಕಾವಲಿರುವ ಮಾತನ್ನು ಆಡುತ್ತಿದ್ದಾರಂತೆ. ಅದು ನಡೆಯುವುದೋ ಇಲ್ಲವೋ ಬಾಳೆಗೊನೆಗಳು ಹೇಳಬೇಕು. ಕೋವಿಯು ಸದ್ಯಕ್ಕೆ ಹೊನ್ನಾವರದ ಹಿಂದಿನ ಕೋಣೆಯಲ್ಲಿ, ಎಣ್ಣೆಬಟ್ಟೆಯಲ್ಲಿ ಸುತ್ತಿಕೊಂಡು ಇದೆ. ನಮ್ಮ ದಫ್ತರದಲ್ಲಿ ಅದರ ಹೆಸರಿನ ಮುಂದೆ ‘ಒಡೆಯರ ಇಚ್ಛೆಯಿಂದ ಇರಿಸಲಾಗಿದೆ’ ಎಂದು ಬರೆದಿದ್ದೇವೆ.